ಕರುವಿನ ಕೋಟಿಗೊಂದು ಜೇಬು

ದರ್ಜಿಗಳು ಸುಳ್ಳು ಹೇಳುತ್ತಾರೆ ಎಂದು ಜನ ಆಡಿಕೊಳ್ಳುತ್ತಾರೆ. ನಾನೇ ದರ್ಜಿಯಾದ್ದರಿಂದ ಈ ವಿಷಯದಲ್ಲಿ ಸ್ವಲ್ಪ ಅಧಿಕಾರದಿಂದ ಮಾತಾಡಬಲ್ಲೆ. ಆ ಮಾತು ನಿಜ, ಹೇಳುತ್ತೇವೆ. ಆದರೆ ನಮ್ಮ ಕಸುಬಿನಲ್ಲಿ ಇರುವುದು ಒಂದೇ ಒಂದು ಸುಳ್ಳು, ಅದರ ಹೆಸರು ‘ನಾಳೆ’. ‘ನಾಳೆ ಬನ್ನಿ, ಕಾಜಾ ಹಾಕುವುದೊಂದು ಬಾಕಿ’ ಎಂದು ನಾವು ಹೇಳುವಾಗ ಬಟ್ಟೆಗೆ ಇನ್ನೂ ಕತ್ತರಿ ತಾಗಿರುವುದಿಲ್ಲ. ಇದರಲ್ಲಿ ಕೆಟ್ಟ ಬುದ್ಧಿ ಏನೂ ಇಲ್ಲ. ಎದುರಿಗೆ ನಿಂತವರಿಗೆ ‘ಆಗಲ್ಲ’ ಎನ್ನಲು ಬಾಯಿ ಬರುವುದಿಲ್ಲ, ಅಷ್ಟೆ. ದೀಪಾವಳಿಗೆಂದು ಕೊಟ್ಟ ಅಂಗಿಯನ್ನು ಪೊಂಗಲ್‌ಗೆ ಕೊಟ್ಟಿದ್ದೇನೆ. ಒಬ್ಬ ಮದುಮಗನ ಪ್ಯಾಂಟಿನ ಕಾಲನ್ನು, ಅವನು ಅದರೊಳಗೆ ನಿಂತಿದ್ದಾಗಲೇ, ಛತ್ರದ ಹಿಂದಿನ ಕೋಣೆಯಲ್ಲಿ ಕೂತು ಮಡಚಿ ಹೊಲಿದಿದ್ದೇನೆ. ಹೊರಗೆ ಮೇಳದವರು ಕಾಯುತ್ತಿದ್ದರು. ಮೂವತ್ತನಾಲ್ಕು ವರ್ಷದ ಕಸುಬಿನಲ್ಲಿ ಹೇಳಿದ ದಿನವೇ ಬಟ್ಟೆ ಪಡೆದ ಗಿರಾಕಿ ಒಬ್ಬಳೇ. ಅವಳಿಗೆ ಮಾತು ಬರುತ್ತಿರಲಿಲ್ಲ, ಕಾಲು ನಾಲ್ಕಿದ್ದವು.

ಆ ಕಥೆ ಹೇಳುವ ಮುನ್ನ ನನ್ನ ಅಂಗಡಿಯ ವಿಷಯ ಒಂದಿಷ್ಟು ಹೇಳಬೇಕು. ತಮಿಳುನಾಡಿನ ಕಂಬಂ ಊರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಮಿಷನ್, ಒಂದು ಮೇಜು, ಗೋಡೆಗೆ ಮೂರು ಅಡ್ಡ ಹಲಗೆ, ಇಷ್ಟೇ ಅದು. ಬೋರ್ಡಿನಲ್ಲಿ ತಮಿಳಿನಲ್ಲಿ ‘ಗಂಡಸರ ಉಡುಪು ಮಾತ್ರ’ ಎಂದು ಬರೆಸಿದ್ದೇನೆ. ಈಗ ಗಂಡಸರೆಲ್ಲ ರೆಡಿಮೇಡ್ ಹಾಕುತ್ತಾರೆ. ನನ್ನ ಪಾಲಿಗೆ ಉಳಿದಿರುವುದು ಜಿಪ್ ಬದಲಿಸುವುದು, ಉದ್ದ ಕಡಿಮೆ ಮಾಡುವುದು, ಮದುವೆಯಾದ ಮೇಲೆ ಹೊಟ್ಟೆ ಬಂದವರಿಗೆ ಸೊಂಟ ಬಿಡಿಸುವುದು. ಮನೆಯಲ್ಲಿ ನಾವು ಆಡುವುದು ಕನ್ನಡ. ಎಷ್ಟೋ ತಲೆಮಾರಿನ ಹಿಂದೆ ನಮ್ಮವರು ದನಗಳನ್ನು ಹೊಡೆದುಕೊಂಡು ಈ ಕಣಿವೆಗೆ ಬಂದಾಗ ತಂದ ಕನ್ನಡ ಅದು. ಅಕ್ಷರ ಮಾತ್ರ ನಾನು ಕಲಿತದ್ದು ಮೈಸೂರಿನ ಒಂದು ಹೊಲಿಗೆ ಅಂಗಡಿಯಲ್ಲಿ, ಹುಡುಗನಾಗಿದ್ದಾಗ. ಅಲ್ಲಿ ಅಳತೆಗೆ ಕತ್ತರಿಸಲು ಹಳೆಯ ಪತ್ರಿಕೆ ಕೊಡುತ್ತಿದ್ದರು, ಕತ್ತರಿಸುವ ಮುನ್ನ ಓದಿಕೊಳ್ಳುತ್ತಿದ್ದೆ. ಹಾಗಾಗಿ ನನ್ನ ಓದೆಲ್ಲ ಕಂಕುಳಿನ ಕಡೆ ಅರ್ಧ, ಕತ್ತಿನ ಕಡೆ ಅರ್ಧ ಹಾರಿಹೋಗಿದೆ. ಬರೆಯುವುದೂ ಹಾಗೆಯೇ ಎಂದು ನಿಮಗೆ ಅನಿಸಿದರೆ ಅದು ಆ ಅಂಗಡಿಯ ತಪ್ಪು.

ಅಂಗಡಿಯ ಹಲಗೆಗಳ ಮೇಲಿನ ಒಂದೊಂದು ಗಂಟಿಗೂ ಒಂದೊಂದು ಚೀಟಿ ಇದೆ. ಚೀಟಿಯಲ್ಲಿ ಹೆಸರು ಮತ್ತು ಕೊಡಬೇಕಾದ ದಿನ. ಎಲ್ಲಕ್ಕಿಂತ ಕೆಳಗಿನ ಹಲಗೆಯ ಮೂಲೆಯಲ್ಲಿ ಒಂದು ಚಿಕ್ಕ ಗಂಟಿದೆ. ಅದರ ಚೀಟಿಯಲ್ಲಿ ‘ಮನೆ’ ಎಂದಷ್ಟೇ ಇದೆ, ದಿನ ಇಲ್ಲ. ಮನೆಯವರಿಗೆ ಯಾರಾದರೂ ದಿನ ಕೊಡುತ್ತಾರೆಯೇ? ಆ ಗಂಟನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿದ್ದೆ.

ಮನೆಯಲ್ಲಿ ನಾವು ಮೂವರು. ನಾನು, ನನ್ನ ಹೆಂಡತಿ ವೀರಮ್ಮ, ಎಂಬತ್ತು ದಾಟಿದ ನನ್ನ ಅವ್ವ. ವೀರಮ್ಮ ನನ್ನ ಸೋದರಮಾವನ ಮಗಳು. ಚಿಕ್ಕಂದಿನಿಂದ ನನ್ನನ್ನು ‘ಮಾಮ’ ಎನ್ನುತ್ತಿದ್ದಳು, ಮದುವೆಯಾದ ಮೇಲೂ ಅದನ್ನೇ ಮುಂದುವರಿಸಿದ್ದಾಳೆ. ನಾಲ್ಕನೆಯವಳು ಕೆಂದಿ, ನಮ್ಮ ಹಸು. ಕೆಂದಿಗೂ ವೀರಮ್ಮನಿಗೂ ಎಂಥ ಸ್ನೇಹವೆಂದರೆ ನಾನು ಕೊಟ್ಟಿಗೆಗೆ ಕಾಲಿಟ್ಟರೆ ಇಬ್ಬರೂ ಮಾತು ನಿಲ್ಲಿಸಿ ನನ್ನ ಕಡೆ ನೋಡುತ್ತಾರೆ.

ಎರಡು ವರ್ಷದ ಹಿಂದೆ ನನ್ನ ಕಣ್ಣಿಗೆ ಪೊರೆ ಬಂತು. ದರ್ಜಿಗೆ ಕಣ್ಣು ಹೋದರೆ ಉಳಿಯುವುದು ಕತ್ತರಿ ಮತ್ತು ಬಾಯಿ, ಎರಡೂ ಅಪಾಯ. ಸೂಜಿಗೆ ದಾರ ಪೋಣಿಸಲು ಬೀದಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದೆ. ಕೊನೆಗೆ ಆಪರೇಷನ್ ಆಯಿತು, ಕಣ್ಣು ಬಂತು. ಬಂದ ಮೇಲೆ ತಿಳಿಯಿತು, ವೀರಮ್ಮ ಹರಕೆ ಹೊತ್ತಿದ್ದಳು: ಮಾಮನ ಕಣ್ಣು ಬಂದರೆ ಕೆಂದಿಯ ಮುಂದಿನ ಕರು ಸಾಮಿಗೆ. ನಮ್ಮ ಕುಲದವರಿಗೆ ಇಲ್ಲಿ ದೇವರ ದೊಡ್ಡಿಯೊಂದಿದೆ. ಅಲ್ಲಿಯ ದನಗಳಿಗೆ ನೊಗ ಹೂಡುವುದಿಲ್ಲ, ಅವುಗಳ ಹಾಲನ್ನು ಮನುಷ್ಯರು ಕರೆಯುವುದಿಲ್ಲ, ಕರುಗಳೇ ಕುಡಿಯುತ್ತವೆ. ಕಷ್ಟ ಬಂದಾಗ ನಮ್ಮವರು ಆ ಮಂದೆಗೆ ಕರುವನ್ನು ಹರಕೆ ಹೇಳಿಕೊಳ್ಳುತ್ತಾರೆ, ಪೊಂಗಲ್‌ನ ಮಾರನೆಯ ದಿನ ಕರೆದುಕೊಂಡು ಹೋಗಿ ಒಪ್ಪಿಸುತ್ತಾರೆ. ಕೆಂದಿ ಕಳೆದ ವರ್ಷ ಮಾರ್ಗಳಿಯಲ್ಲಿ, ಅಂದರೆ ಧನುರ್ಮಾಸದ ಚಳಿಯಲ್ಲಿ, ಈದಳು. ಕರು ಮೂರನೆಯ ದಿನ ಚಳಿಗೆ ಸತ್ತಿತು.

ತಮಿಳುನಾಡಿನಲ್ಲಿ ಚಳಿಯೇ ಎಂದು ನೀವು ನಗಬಹುದು. ಕೊಡೈಕಾನಲ್‌ಗೆ ಹೋಗಿ ಸ್ವೆಟರ್ ಕೊಂಡು, ದುಡ್ಡು ಕೊಟ್ಟು ಜನ ನಡುಗಿ ಬರುತ್ತಾರಲ್ಲ, ಅದೇ ಗಾಳಿ ಬೆಟ್ಟ ಇಳಿದು ನಮಗೆ ಪುಕ್ಕಟೆಯಾಗಿ ಸಿಗುತ್ತದೆ. ಮಾರ್ಗಳಿಯಲ್ಲಿ ಬೆಳಗಿನ ಜೀಪುಗಳಲ್ಲಿ ಏಲಕ್ಕಿ ತೋಟಕ್ಕೆ ಹೋಗುವ ಹೆಂಗಸರು ಗಂಡಂದಿರ ಶರಟಿನ ಮೇಲೆ ಶರಟು ಹಾಕಿ, ತಲೆಗೆ ಟವೆಲ್ ಬಿಗಿದು ಕೂತಿರುತ್ತಾರೆ. ದೊಡ್ಡ ದನ ಹೇಗೋ ತಡೆಯುತ್ತದೆ. ಒದ್ದೆ ಮೈಯಲ್ಲಿ ಹುಟ್ಟಿದ ಕರು ಏನು ಮಾಡೀತು? ಆ ಕರು ಸತ್ತ ದಿನ ವೀರಮ್ಮ ಅತ್ತಳು. ಆಮೇಲೆ ಒಂದು ಮಾತು ಹೇಳಿದಳು, ನನಗೆ ಅದೇ ಹೆಚ್ಚು ಚುಚ್ಚಿತು: “ಸಾಮಿಗೆ ನಮ್ಮ ಕರು ಬ್ಯಾಡ್ವೋ ಏನೋ ಮಾಮ.” ನನ್ನ ಕಣ್ಣಿನ ಹರಕೆ ಹೀಗೆ ಒಪ್ಪಿಸದೆ ಉಳಿಯಿತು. ಅಲ್ಲಿಂದಾಚೆಗೆ ನನ್ನ ಕಣ್ಣಿನಲ್ಲಿ ಒಂದು ಧೂಳು ಬಿದ್ದರೂ ಅವಳು ಒಲೆ ಬಿಟ್ಟು ಓಡಿಬಂದು ಊದುತ್ತಿದ್ದಳು.

ಈ ವರ್ಷವೂ ಕೆಂದಿ ಮಾರ್ಗಳಿಯನ್ನೇ ಆರಿಸಿಕೊಂಡಳು. ಅದೂ ದಿನ ತುಂಬುವುದಕ್ಕೆ ಹತ್ತು ದಿನ ಮೊದಲೇ. ಬೆಳಗ್ಗೆ ಬಾಗಿಲಿಗೆ ಕೋಲ, ಅಂದರೆ ರಂಗೋಲಿ, ಹಾಕಲು ಎದ್ದ ವೀರಮ್ಮ ಹಿಟ್ಟಿನ ಬಟ್ಟಲು ಕೈಯಲ್ಲಿ ಹಿಡಿದೇ ಒಳಗೆ ಓಡಿಬಂದಳು. ಹೋಗಿ ನೋಡಿದರೆ ಕರು ಹುಲ್ಲಿನ ಮೇಲೆ ಬಿದ್ದುಕೊಂಡು ನಡುಗುತ್ತಿದೆ. ಹೆಣ್ಣು, ಅವ್ವನ ಊರುಗೋಲಿನಷ್ಟೂ ಎತ್ತರವಿಲ್ಲ. ಕೆಂದಿ ನೆಕ್ಕಿ ನೆಕ್ಕಿ ಒಣಗಿಸುತ್ತಿದ್ದಳು. ಹೇಗೋ ಎಬ್ಬಿಸಿ ನಿಲ್ಲಿಸಿ ಒಂದಿಷ್ಟು ಗಿಣ್ಣುಹಾಲು ಕುಡಿಸಿದ್ದಾಯಿತು. ಆದರೂ ನಡುಕ ನಿಲ್ಲಲಿಲ್ಲ.

“ಮಾಮ, ಇದಕ್ಕೆ ಏನಾದ್ರೂ ಹೊಲ್ದು ಕೊಡಿ. ಗೋಣಿ ನಿಲ್ಲಾಕಿಲ್ಲ, ಜಾರಿ ಬೀಳ್ತದೆ” ಎಂದಳು ವೀರಮ್ಮ.

ನಾನು ಹಲ್ಲುಜ್ಜುತ್ತಿದ್ದೆ. “ಸೆರಿ, ನಾಳೆ...” ಎಂದೆ. ಬಾಯಿಗೆ ಅಭ್ಯಾಸ.

ಅವಳು ನನ್ನ ಮುಖವನ್ನೇ ನೋಡಿದಳು. ಕೋಪ ಇದ್ದಿದ್ದರೆ ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ, ಅದಕ್ಕೆ ನನಗೆ ದಾರಿ ಗೊತ್ತು. ಕೋಪ ಇರಲಿಲ್ಲ. “ನಾಳೆಗೆ ಅದು ಇರ್ಬೇಕಲ್ಲ ಮಾಮ” ಎಂದಳು.

ಬಾಯಿ ಮುಕ್ಕಳಿಸಿ ಅಂಗಡಿಗೆ ಓಡಿದೆ. ಇಂಚುಟೇಪು, ಸೀಮೆಸುಣ್ಣ, ಕತ್ತರಿ ತಂದೆ. ಕರುವಿನ ಅಳತೆ ತೆಗೆಯುವುದನ್ನು ನನಗೆ ಯಾವ ಗುರುವೂ ಕಲಿಸಿರಲಿಲ್ಲ. ಕತ್ತು ಸುಲಭ. ಎದೆ ಎಲ್ಲಿ ಮುಗಿಯುತ್ತದೆ, ಹೊಟ್ಟೆ ಎಲ್ಲಿ ಶುರುವಾಗುತ್ತದೆ ಎಂಬುದು ಗೊತ್ತಾಗಲಿಲ್ಲ. ಆದರೆ ಅದು ನನ್ನ ಅನೇಕ ಗಿರಾಕಿಗಳಲ್ಲೂ ಗೊತ್ತಾಗುವುದಿಲ್ಲ. ಮುಂಗಾಲಿಗೆ ತೋಳು ಇಡಬೇಕೇ ಬೇಡವೇ ಎಂಬುದು ದೊಡ್ಡ ಪ್ರಶ್ನೆಯಾಯಿತು. ನೆಲಕ್ಕೆ ಕೂತು ಟೇಪು ಹಿಡಿದು “ಉಸಿರು ಬಿಡಿ, ನೆಟ್ಟಗೆ ನಿಲ್ಲಿ” ಎಂದುಬಿಟ್ಟೆ. ಕರು ಟೇಪಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ವೀರಮ್ಮ ಅಂದು ನಕ್ಕದ್ದು ಆಗ ಒಂದೇ ಸಲ.

ಈಗ ಬಟ್ಟೆಯ ಪ್ರಶ್ನೆ. ಇಲ್ಲಿಯೇ ನಾನು ಎಡವಿದ್ದು. ಮನೆಯಲ್ಲಿ ಹಳೆ ಬಟ್ಟೆಗೆ ಬರವಿರಲಿಲ್ಲ. ಆದರೆ ಇದು ಸಾಮಿಗೆ ಹೇಳಿಕೊಂಡ ಕರು. ದೇವರ ಸೊತ್ತಿಗೆ ಯಾರೋ ಉಟ್ಟು ಬಿಟ್ಟ ಬಟ್ಟೆ ಹಾಕುವುದೇ? ಕಳೆದ ವರ್ಷದ ಕರುವಿಗೆ ಹರಿದ ಗೋಣಿ ಹೊದಿಸಿದ್ದಕ್ಕೇ ಸಾಮಿ ಮುನಿಸಿಕೊಂಡಿರಬಹುದು ಎಂದು ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಅಂಗಡಿಯಲ್ಲಿ ಬೂದು ಬಣ್ಣದ ಉಣ್ಣೆಯ ಕೋಟಿನ ಬಟ್ಟೆ ಒಂದಿತ್ತು. ಯಾರಾದರೂ ಕೋಟು ಹೊಲಿಸಿಕೊಂಡಾರು ಎಂದು ಬಹಳ ಹಿಂದೆ ಆಸೆಯಿಂದ ತಂದದ್ದು. ಕಂಬಂನಲ್ಲಿ ಕೋಟು ಹಾಕುವವರು ಮದುಮಗಂದಿರು ಮಾತ್ರ, ಅವರೂ ಬಾಡಿಗೆಗೆ ತರುತ್ತಾರೆ. ಆ ಬಟ್ಟೆಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಾಗ ನನ್ನ ಕೈಗೆ ಹಳೆಯ ಹುರುಪು ಬಂತು. ಒಳಗೆ ಲೈನಿಂಗ್ ಕೊಟ್ಟೆ. ಕುತ್ತಿಗೆಗೆ ಕಾಲರು ಕೊಟ್ಟೆ. ಹೊಟ್ಟೆಯ ಕೆಳಗೆ ಆರು ಗುಂಡಿ, ಆರು ಕಾಜಾ. ಎಲ್ಲ ಮುಗಿದು ಎತ್ತಿ ಹಿಡಿದು ನೋಡಿದರೆ ಎಡಗಡೆಗೆ ಒಂದು ಜೇಬೂ ಇತ್ತು. ಯಾವಾಗ ಇಟ್ಟೆನೋ ನನಗೇ ತಿಳಿಯದು, ಕೈ ತಾನಾಗಿ ಇಟ್ಟಿತ್ತು. ಬೆಳಗಿನ ಹನ್ನೊಂದು ಗಂಟೆಯೊಳಗೆ ಕೋಟು ತಯಾರು! ಅಂದು ಒಬ್ಬ ಗಿರಾಕಿ ಅಂಗಡಿಗೆ ಬಂದು, ಅವನ ಪ್ಯಾಂಟು ನಾಳೆ ಎಂದು ಕೇಳಿಸಿಕೊಂಡು, ಮಿಷನ್ ಮೇಲಿನ ಕೋಟನ್ನು ನೋಡಿ, “ಯಾರಿಗಣ್ಣೇ ಇದು, ಮಗೂಗಾ?” ಎಂದ. “ಆಮಾ” ಎಂದು ಹೌದೆಂಬಂತೆ ತಲೆಯಾಡಿಸಿದೆ.

ಇಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತೋ ಏನೋ. ಹೊಸ ಬಟ್ಟೆ ತೊಡುವ ಮುನ್ನ ಮೂಲೆಗೆ ಅರಿಸಿನ ಹಚ್ಚಬೇಕು, ಹಚ್ಚಿದೆ. ದೇವರ ಕರುವಿನದಾದ್ದರಿಂದ ದೇವರ ಮುಂದೆ ಇಟ್ಟೆ. ಕರ್ಪೂರ ಬೆಳಗಿದೆ. ಸಾಂಬ್ರಾಣಿ ಹೊಗೆಯನ್ನು ಕೋಟಿನ ಒಳಗೂ ಹೊರಗೂ, ಜೇಬಿನೊಳಗೂ ಹಿಡಿದೆ. ಗಂಧದ ಬೊಟ್ಟು ಇಟ್ಟೆ. ಕೊಟ್ಟಿಗೆಗೆ ತಂದು ಕರುವಿಗೆ ತೊಡಿಸಿದಾಗ ಅದು ಪಂಚಾಯ್ತಿ ಅಧ್ಯಕ್ಷರು ಮೀಟಿಂಗಿಗೆ ಹೊರಟಂತೆ ಗಂಭೀರವಾಗಿ ಕಂಡಿತು. ಬಾಲದ ವಿಷಯ ಮರೆತಿದ್ದೆ, ಹಿಂದೆ ಒಂದು ಸೀಳು ಬಿಟ್ಟು ಸರಿಮಾಡಿದೆ. ಬೀದಿಯವರೆಲ್ಲ ಬಂದರು. ಮೊಬೈಲಿನಲ್ಲಿ ಫೋಟೊ ತೆಗೆದರು. “ತೈಯಲ್ಕಾರ ಅಂದ್ರೆ ಇವ್ರು ನೋಡಪ್ಪ” ಎಂದು ಯಾರೋ ನನ್ನ ದರ್ಜಿತನವನ್ನು ಹೊಗಳಿದರು. ಮನುಷ್ಯರು ನನಗೆ ಇಷ್ಟು ಮರ್ಯಾದೆ ಕೊಟ್ಟು ಬಹಳ ಕಾಲವಾಗಿತ್ತು. ನಾನು ಕೊಟ್ಟಿಗೆಯ ಬಾಗಿಲಲ್ಲಿ ಟೇಪನ್ನು ಕತ್ತಿಗೆ ಹಾಕಿಕೊಂಡೇ ನಿಂತಿದ್ದೆ.

ಕರು ತೂರಾಡಿಕೊಂಡು ತಾಯಿಯ ಕೆಚ್ಚಲಿನ ಕಡೆ ಹೋಯಿತು. ಕೆಂದಿ ತಲೆ ತಿರುಗಿಸಿ ಮೂಸಿದಳು. ಇನ್ನೊಂದು ಸಲ ಮೂಸಿದಳು. ಆಮೇಲೆ ಬುಸ್ಸೆಂದು ಕಾಲೆತ್ತಿ ಒದ್ದಳು. ಕರು ಕೋಟಿನ ಸಮೇತ ಹುಲ್ಲಿನ ಮೇಲೆ ಉರುಳಿತು.

ಎಬ್ಬಿಸಿ ಮತ್ತೆ ಬಿಟ್ಟೆವು, ಮತ್ತೆ ಒದ್ದಳು. ಬೆಳಗ್ಗೆ ನೆಕ್ಕಿ ನೆಕ್ಕಿ ಮುದ್ದಾಡಿದ ತಾಯಿ ಮಧ್ಯಾಹ್ನಕ್ಕೆ ಕೊಂಬು ತೋರಿಸುತ್ತಿದ್ದಳು. ನೆರೆದವರು “ಕಣ್ಣು ಬಿದ್ದಿದೆ, ಅಷ್ಟು ಚೆಂದ ಮಾಡಿದ್ರೆ ಬೀಳ್ದೇ ಇರ್ತದಾ” ಎಂದರು. ನನಗೂ ಅದು ಸರಿ ಎನ್ನಿಸಿತು. ಹೊಗಳಿಕೆ ಅದರಲ್ಲಿ ಸೇರಿತ್ತಲ್ಲ. ದೃಷ್ಟಿ ತೆಗೆಯಲು ಇನ್ನಷ್ಟು ಸಾಂಬ್ರಾಣಿ ತಂದು ಕರುವಿನ ಸುತ್ತ ಮೂರು ಸಲ ಹೊಗೆ ಹಾಕಿದೆ. ಕೆಂದಿ ಹಗ್ಗ ಹರಿಯುವಂತೆ ಹಿಂದಕ್ಕೆ ಜಗ್ಗಿದಳು. ವೀರಮ್ಮ ಹಾಲು ಕರೆದು ಬಾಟಲಿಯಲ್ಲಿ ಕುಡಿಸಲು ನೋಡಿದಳು. ಕರು ಎರಡು ಗುಟುಕು ಕುಡಿದು ಮುಖ ತಿರುಗಿಸಿತು. ನೆರೆದವರು ಒಬ್ಬೊಬ್ಬರಾಗಿ ಜಾರಿಕೊಂಡರು. ನಮ್ಮಲ್ಲಿ ಪಡುವಣ ಬೆಟ್ಟ ಎತ್ತರ, ಸಂಜೆ ಬೇಗ ಬರುತ್ತದೆ. ನಾಲ್ಕೂವರೆಗೆಲ್ಲ ಕೊಟ್ಟಿಗೆಯ ಮೇಲೆ ನೆರಳು ಬಿತ್ತು, ಗಾಳಿ ಎದ್ದಿತು. ಕರು ಕಾಲು ಮಡಚಿ ಮಲಗಿ, ತಲೆಯನ್ನು ಪಕ್ಕೆಗೆ ತಿರುಗಿಸಿ ಇಟ್ಟುಕೊಂಡಿತು.

ವೀರಮ್ಮ ಕಂಬಕ್ಕೆ ಒರಗಿ ಕೂತಳು. “ಹೋದ್ ವರ್ಷದ್ದೂ ಇಂಗೇ ತಲೆ ಮಡಿಚ್ಕೊಂಡಿತ್ತು ಮಾಮ” ಎಂದಳು. ನನಗೆ ಹೆದರಿಕೆಯಾಯಿತು. ಕರು ಹೋದೀತೆಂಬ ಹೆದರಿಕೆ ಒಂದು. ಅದು ಹೋದರೆ ಇನ್ನು ಮುಂದೆ ಇವಳು ನನ್ನ ಕಣ್ಣನ್ನು ನೋಡುವಾಗಲೆಲ್ಲ ಸಾಮಿ ಬೇಡವೆಂದದ್ದನ್ನೇ ನೆನೆಯುತ್ತಾಳೆ ಎಂಬ ಹೆದರಿಕೆ ಇನ್ನೊಂದು. ಎರಡನೆಯದೇ ದೊಡ್ಡದಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಮಧ್ಯಾಹ್ನದಿಂದ ಏನೋ ಗೊಣಗುತ್ತಲೇ ಇದ್ದಳು. ಅವಳಿಗೆ ಕಿವಿ ಮಂದ. ಕಿವಿ ಮಂದವಾದವರು ಹೇಳುವುದನ್ನು ನಾವೂ ಕೇಳಿಸಿಕೊಳ್ಳುವುದಿಲ್ಲ, ಇದು ಮನೆಮನೆಯ ನ್ಯಾಯ. ಈಗ ಊರುಗೋಲು ಊರಿಕೊಂಡು ಕೊಟ್ಟಿಗೆಗೇ ಬಂದಳು. ಕರುವಿನ ಪಕ್ಕ ಬಗ್ಗಿ, ಕೋಟನ್ನು ಮೂಗಿಗೆ ಹಿಡಿದಳು.

“ಲೇ ಮಗಾ, ಹಸ ತನ್ನ ಮಗೂನ ಕಣ್ಣಲ್ಲಿ ನೋಡಾಕಿಲ್ಲ ಕಣ್ಲಾ, ಮೂಗಲ್ಲಿ ನೋಡ್ತದೆ. ನೀನು ಕರೂಗೆ ಗುಡಿ ವಾಸ್ನೆ ಅಂಟ್ಸಿ ತಂದು ಬಿಟ್ಟಿದೀಯ. ಇದ್ಯಾವ ಪೂಜಾರಿ ಬಂದು ನನ್ನ ಕೆಚ್ಚಲಿಗೆ ಬಾಯಿ ಹಾಕ್ತಾನೆ ಅಂತ ಅದು ಒದೀತದೆ. ಒದೀದೆ ಇನ್ನೇನ್ ಮಾಡ್ತದೆ?”

ನಾನು ಬಾಯಿ ಬಿಟ್ಟೆ. “ಅವ್ವ, ಸಾಮಿ ಕರು, ಹಳೇ ಬಟ್ಟೆ ಹೆಂಗೆ...”

“ಹುಟ್ಟಿದ ಕೂಸಿಗೆ ಯಾರಾದ್ರೂ ಹೊಸ ಬಟ್ಟೆ ಇಕ್ತಾರೇನ್ಲಾ? ನಿನ್ನ ನಿಮ್ಮ ತಾತನ ಹಳೇ ಪಂಚೇಲಿ ಸುತ್ತಿದ್ವು. ಆ ಮೇಲೆ ನನ್ನ ಹಳೇ ಸೀರೆ. ಹನ್ನೊಂದು ದಿನ ನಿನ್ನ ಮೈಗೆ ಹೊಸ ನೂಲು ತಾಗಿಲ್ಲ. ಮನುಷ್ಯರ ಕೂಸಿಗೆ ಒಂದು, ಸಾಮಿ ಕೂಸಿಗೆ ಒಂದಾ? ಊರಿಗೆಲ್ಲ ಬಟ್ಟೆ ಹೊಲೀತಾನಂತೆ!”

ಅವ್ವ ಹೇಳಿದ್ದು ಹೊಸದೇನಲ್ಲ. ಮಕ್ಕಳಿಗೆ ಮೊದಲು ಹಿರಿಯರ ಹಳೆ ಬಟ್ಟೆಯನ್ನೇ ಸುತ್ತುತ್ತೇವೆ, ನಮ್ಮಲ್ಲಿ ಎಲ್ಲರಿಗೂ ಗೊತ್ತು. ತೊಳೆದು ತೊಳೆದು ಮೆತ್ತಗಾಗಿರುತ್ತದೆ ಎಂದು ಹಾಗೆ ಮಾಡುತ್ತಾರೆಂದು ನಾನು ತಿಳಿದಿದ್ದೆ. ಅದರಲ್ಲಿ ಮನೆಯ ಮೈವಾಸನೆಯೂ ಇರುತ್ತದೆ, ಕೂಸಿಗೆ ಅದೇ ಮೊದಲ ಗುರುತು ಎಂಬುದು ಈ ದರ್ಜಿಗೆ ಹೊಳೆದಿರಲಿಲ್ಲ. ಮೂವತ್ತನಾಲ್ಕು ವರ್ಷ ನಾನು ಹೊಲಿದದ್ದೆಲ್ಲ ನೋಡುವವರ ಕಣ್ಣಿಗಾಗಿ. ಮದುವೆಗೆ ಬಂದವರು ನೋಡಲಿ, ಆಫೀಸಿನವರು ನೋಡಲಿ. ಆ ಕರುವಿಗೂ ಬೀದಿಯವರು ನೋಡಲೆಂದೇ ಹೊಲಿದೆ. ಅದನ್ನು ನೋಡಬೇಕಾದವಳು ಕೆಂದಿ ಒಬ್ಬಳೇ ಇದ್ದಳು, ಅವಳಿಗೆ ಕಾಲರು ಬೇಕಿರಲಿಲ್ಲ.

ವೀರಮ್ಮ ಎದ್ದಳು. ಕೋಟಿನ ಆರು ಗುಂಡಿಗಳನ್ನು ಬಿಚ್ಚಿ ಅದನ್ನು ನನ್ನ ಕೈಗೆ ಕೊಟ್ಟಳು. ಅವ್ವ ಹೇಳಿದಂತೆ ಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಕರುವಿನ ಮೈಯ ಗಂಧ ಸಾಂಬ್ರಾಣಿಯನ್ನೆಲ್ಲ ಒರೆಸಿದೆವು. ಹುಲ್ಲಿನಿಂದ ತಿಕ್ಕಿ ಒಣಗಿಸಿದೆವು. ಕೆಂದಿಯ ಹಾಲನ್ನೇ ಬೆನ್ನಿಗೆ ಸವರಿ, ಅವಳು ನೆಕ್ಕಲೆಂದು ಮೇಲೆ ಚಿಟಿಕೆ ಉಪ್ಪು ಉದುರಿಸಿದೆವು. ಕೊಟ್ಟಿಗೆಯ ಗಳುವಿನ ಮೇಲೆ ವೀರಮ್ಮನ ಒಂದು ಹಳೆ ಸೀರೆ ನೇತಾಡುತ್ತಿತ್ತು. ದಿನಾ ಹಾಲು ಕರೆಯುವಾಗ, ಸಗಣಿ ಬಾಚುವಾಗ ಅವಳು ಸುತ್ತಿಕೊಳ್ಳುವ ಸೀರೆ. ನೀಲಿ ಬಣ್ಣ, ಅದರ ತುಂಬ ಬಿಳಿ ಚುಕ್ಕಿ, ದಿಂಡಿಗಲ್ ಹತ್ತಿರದ ಚಿನ್ನಾಳಪಟ್ಟಿಯ ಸುಂಗುಡಿ ಹತ್ತಿಸೀರೆ. ಅದನ್ನು ಎಳೆದುಕೊಂಡು, ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಪರ್ರೆಂದು ಹರಿದಳು. ನಾನು ಕತ್ತರಿ ತರುತ್ತೇನೆ ಎನ್ನುವುದರೊಳಗೆ ಎರಡನೆಯ ತುಂಡೂ ಆಗಿತ್ತು.

ನಾಲ್ಕು ಮಡಿಕೆ ಮಾಡಿ, ಹುಲ್ಲಿನ ಮೇಲೆ ಕೂತು ಕೈಯಲ್ಲೇ ಹೊಲಿದೆ. ಅಳತೆಯಿಲ್ಲ, ಕಾಲರಿಲ್ಲ, ಗುಂಡಿಯಿಲ್ಲ. ಕತ್ತಿಗೆ ಒಂದು, ಹೊಟ್ಟೆಗೆ ಎರಡು ಕಟ್ಟು ದಾರ. ಇಷ್ಟು ಕೆಟ್ಟ ಹೊಲಿಗೆ ನಾನು ಕಲಿಯುವ ಹುಡುಗನಾಗಿದ್ದಾಗಲೂ ಹಾಕಿರಲಿಲ್ಲ. ಆದರೆ ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸಿದೆ, ಇದನ್ನು ವೀರಮ್ಮ ನೋಡಿದಳು. ಕರುವಿಗೆ ಅದನ್ನು ಕಟ್ಟಿ, ಎಬ್ಬಿಸಿ ನಿಲ್ಲಿಸಿ, ನಾನು ಹಿಂದೆ ಸರಿದೆ. ಅವ್ವ ನನ್ನನ್ನು ಇನ್ನೂ ಹಿಂದಕ್ಕೆ ತಳ್ಳಿದಳು, “ನಿನ್ ಮೈಯೂ ಸಾಂಬ್ರಾಣಿ ನಾರ್ತದೆ, ಆಚೆ ಹೋಗು” ಎಂದಳು. ಸ್ವಂತ ಕೊಟ್ಟಿಗೆಯ ಹೊರಗೆ ನಿಂತು ಸಂದಿಯಲ್ಲಿ ಇಣುಕಿದೆ.

ಕೆಂದಿ ಮೂಸಿದಳು. ಕರುವಿನ ಕತ್ತು, ಬೆನ್ನು, ಸೀರೆಯ ಬಟ್ಟೆ. ಸೀರೆಯ ಹತ್ತಿರ ಬಹಳ ಹೊತ್ತು ಮೂಗು ಇಟ್ಟಳು. ಆಮೇಲೆ ನಾಲಗೆ ಹೊರಗೆ ಬಂತು. ಬೆನ್ನು ನೆಕ್ಕಿದಳು, ಸೀರೆಯನ್ನೂ ಸೇರಿಸಿ ನೆಕ್ಕಿದಳು. ಗಂಟಲಿನೊಳಗೇ ಸಣ್ಣಗೆ ಒಂದು ಸದ್ದು ಮಾಡಿದಳು. ವೀರಮ್ಮ ಕರುವಿನ ಬಾಯಿಯನ್ನು ಕೆಚ್ಚಲಿಗೆ ಹಿಡಿದಳು. ಕೆಂದಿ ಕಾಲು ಎತ್ತಲಿಲ್ಲ. ಚಪ್ಪರಿಸುವ ಸದ್ದು ಗೋಡೆಯಾಚೆಗೂ ಕೇಳಿತು. ಅತ್ತೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆಪರೇಷನ್ ಆದ ಕಣ್ಣಿನಲ್ಲೂ ನೀರು ಚೆನ್ನಾಗಿಯೇ ಬರುತ್ತದೆ.

ಮಾರ್ಗಳಿ ಪೂರ್ತಿ ಕರು ಆ ನೀಲಿ ಅಂಗಿಯಲ್ಲೇ ಇತ್ತು. ವಾರಕ್ಕೊಮ್ಮೆ ಸೊಂಟ ಬಿಡಿಸುತ್ತಿದ್ದೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ಉಣ್ಣೆಯ ಕೋಟನ್ನು ಅವ್ವ ಮಂಡಿಗೆ ಹೊದ್ದುಕೊಳ್ಳಲು ತೆಗೆದುಕೊಂಡಳು. ಜೇಬಿನಲ್ಲಿ ಎಲೆ ಅಡಿಕೆ ಇಡುತ್ತಾಳೆ. “ಜೇಬು ಬಲೇ ಒಳ್ಳೇದು ಮಗಾ” ಎಂದು ಎರಡು ಸಲ ಹೇಳಿದ್ದಾಳೆ. ಅಂತೂ ಆ ಕೋಟಿನಲ್ಲಿ ಯಾರಿಗಾದರೂ ಬೇಕಾದದ್ದು ಅದೊಂದೇ.

ಪೊಂಗಲ್‌ಗೆ ನಾಲ್ಕು ದಿನವಿದ್ದಾಗ ಅಂಗಡಿಯ ಧೂಳು ಹೊಡೆಯುತ್ತಿದ್ದೆ. ಕೆಳಗಿನ ಹಲಗೆಯಿಂದ ಆ ಚಿಕ್ಕ ಗಂಟು ಕಾಲ ಮೇಲೆ ಬಿತ್ತು. ಚೀಟಿಯಲ್ಲಿ ‘ಮನೆ’ ಎಂದಿತ್ತು. ಬಿಚ್ಚಿದರೆ ನೀಲಿ ಬಟ್ಟೆ, ಬಿಳಿ ಚುಕ್ಕಿ. ಒಂದು ರವಿಕೆಯಷ್ಟು. ನಾನು ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹನ್ನೊಂದು ವರ್ಷದ ಹಿಂದೆ ದಿಂಡಿಗಲ್‌ಗೆ ಒಂದು ಮದುವೆಗೆ ಹೋಗಿದ್ದೆವು. ಬರುವಾಗ ಚಿನ್ನಾಳಪಟ್ಟಿಯಲ್ಲಿ ಇಳಿದು ವೀರಮ್ಮ ಆಸೆಪಟ್ಟು ಆ ಸೀರೆ ತೆಗೆದುಕೊಂಡಿದ್ದಳು. ರವಿಕೆಯ ಬಟ್ಟೆಯನ್ನು ಕತ್ತರಿಸಿ ಅಂದೇ ನನ್ನ ಕೈಗೆ ಕೊಟ್ಟಿದ್ದಳು. “ನಾಳೆ” ಎಂದಿದ್ದೆ. ಮೊದಲ ವರ್ಷ ಕೇಳಿದಳು. ಎರಡನೆಯ ವರ್ಷ, “ಗಂಡಸರ ಉಡುಪು ಮಾತ್ರ ಅಂತ ಬೋರ್ಡು ಇದೆಯಲ್ಲ” ಎಂದು ತಮಾಷೆ ಮಾಡಿದೆ, ಅಲ್ಲಿಗೆ ಕೇಳುವುದನ್ನು ಬಿಟ್ಟಳು. ಬೇರೆ ಕಡೆ ಹೊಲಿಸಲಿಲ್ಲ. ದರ್ಜಿಯ ಹೆಂಡತಿ ಬೇರೆ ದರ್ಜಿಯ ಹತ್ತಿರ ಹೋದರೆ ಗಂಡನ ಮರ್ಯಾದೆ ಹೋಗುತ್ತದಂತೆ. ಜೋಡಿ ರವಿಕೆಯಿಲ್ಲದ ಸೀರೆಯನ್ನು ಮದುವೆ ಮುಂಜಿಗೆ ಉಡಲಾಗುವುದಿಲ್ಲ. ಆದ್ದರಿಂದ ಅದು ಪೆಟ್ಟಿಗೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಕೊಟ್ಟಿಗೆಗೆ ಇಳಿಯಿತು. ನಾನು ಇಟ್ಟ ಆ ಒಂದು ‘ನಾಳೆ’ಯಿಂದಾಗಿ ಅವಳು ಹಬ್ಬಕ್ಕೆ ಉಡಬೇಕಾದ ಸೀರೆಗೆ ಹಸುವಿನ ವಾಸನೆ ಹತ್ತಿತು, ಆ ವಾಸನೆಯಿಂದ ಕರು ಉಳಿಯಿತು. ನನ್ನ ಸೋಮಾರಿತನವೇ ಕರುವನ್ನು ಕಾಪಾಡಿತು ಎಂದು ವಾದಿಸಬಹುದಿತ್ತು. ವಾದಿಸುವ ಧೈರ್ಯ ಬರಲಿಲ್ಲ. ಹೊಸ ಕಣ್ಣು ಬಂದು ಎರಡು ವರ್ಷವಾಗಿದ್ದರೂ ಕೆಳಗಿನ ಹಲಗೆಯ ಗಂಟು ಅದಕ್ಕೆ ಕಂಡಿರಲಿಲ್ಲ.

ಅವಳ ಒಂದು ಹಳೆ ರವಿಕೆಯನ್ನು ಕದ್ದು ತಂದು ಅಳತೆ ನೋಡಿ, ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಹೊಲಿದೆ. ಹೆಂಗಸರ ರವಿಕೆ ಹೊಲಿಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ತೋಳನ್ನು ಎರಡು ಸಲ ಬಿಚ್ಚಿದೆ. ಪೊಂಗಲ್ ಬೆಳಗ್ಗೆ ಕಾಗದದಲ್ಲಿ ಸುತ್ತಿ ಕೊಟ್ಟೆ. ವೀರಮ್ಮ ಬಿಚ್ಚಿ ನೋಡಿದಳು, ಮಡಿಲಲ್ಲಿ ಇಟ್ಟುಕೊಂಡಳು. ಕೊಟ್ಟಿಗೆಯ ಕಡೆ ನೋಡಿದಳು. “ಸೆರಿ ಮಾಮ, ಸೀರೆ ಎಲ್ಲಿ?” ಎಂದಳು. ಆಮೇಲೆ ನಕ್ಕಳು. ಕಣ್ಣಲ್ಲಿ ನೀರಿತ್ತು, ಅದು ನಗುವಿನದೋ ಬೇರೆಯದೋ ನಾನು ಕೇಳಲಿಲ್ಲ.

ಮಾರನೆಯ ದಿನ ಕರುವನ್ನು ಒಪ್ಪಿಸಲು ಹೊರಟೆವು. ವೀರಮ್ಮ ಒಂದು ಬಿಳಿ ಸೀರೆಗೆ ಆ ರವಿಕೆಯನ್ನೇ ತೊಟ್ಟಿದ್ದಳು, ಕರು ಅದರ ಸೀರೆಯನ್ನು ತೊಟ್ಟಿತ್ತು. ದಾರಿಯಲ್ಲಿ ಒಬ್ಬಾಕೆ, “ಏನ್ ವೀರಮ್ಮಕ್ಕಾ, ತಾಯಿ ಮಗಳು ಒಂದೇ ಸೆಟ್ಟಾ?” ಎಂದು ಕೇಳಿದಳು. “ಆಮಾ, ನಮ್ಮೋರು ಹೊಲ್ದಿದ್ದು” ಎಂದಳು ವೀರಮ್ಮ. ಅಷ್ಟು ದಿನದಲ್ಲಿ ಕೇಳಿದ ಹೊಗಳಿಕೆಗಳಲ್ಲಿ ನನಗೆ ನಾಟಿದ್ದು ಇದೊಂದು. ದೊಡ್ಡಿಯ ಹತ್ತಿರ ಪೂಜಾರಿ ಅಂಗಿ ತೆಗೆಯಿರಿ ಎಂದರು. ಹುಟ್ಟಿದ ಹಾಗೆಯೇ ಒಪ್ಪಿಸಬೇಕಂತೆ. ವೀರಮ್ಮ ಮೂರು ಕಟ್ಟುಗಳನ್ನು ಬಿಚ್ಚಿದಳು. ಅರಿಸಿನದ ನೀರು ಚಿಮುಕಿಸಿ, ಹಣೆಗೆ ಕುಂಕುಮವಿಟ್ಟು, “ಇನ್ನು ಇದು ಸಾಮೀದು. ಹಾಲು ಬಿಡೋ ತಂಕ ನಿಮ್ಮನೇಲಿ ಇರ್ಲಿ, ಆಮೇಲೆ ಮಂದೆಗೆ ಬಿಡಿ” ಎಂದರು ಪೂಜಾರಿ. ಬೆಟ್ಟದ ಕಡೆಯಿಂದ ಗಾಳಿ ಬೀಸಿತು, ಕರು ನಡುಗಿತು. ವೀರಮ್ಮ ಅಂಗಿಯನ್ನು ಕೈಯಲ್ಲಿ ಹಿಡಿದು ಪೂಜಾರಿಯ ಮುಖ ನೋಡಿದಳು. ಅವರು ಒಂದು ಕ್ಷಣ ಯೋಚಿಸಿ, “ಹಾಕಮ್ಮ ಹಾಕು. ಈಗ ಸಾಮಿ ಕರು. ಕುಳಿರು ಹತ್ತಿದ್ರೆ ನನ್ನ ಕೇಳ್ತಾನೆ” ಎಂದರು.

ವಾಪಸು ಬರುವಾಗ ವೀರಮ್ಮ ಕರುವನ್ನು ಎತ್ತಿಕೊಂಡೇ ನಡೆದಳು. ಹನ್ನೊಂದು ವರ್ಷದ ಮೇಲೆ ಆ 
ಸೀರೆಯೂ ರವಿಕೆಯೂ ಒಟ್ಟಿಗೆ ಸೇರಿದ್ದವು. “ಸಾಮಿ ಬ್ಯಾಡ ಅನ್ಲಿಲ್ಲ ಮಾಮ” ಎಂದಳು. ಆ ಮಾತು ಕೇಳಿದ ಖುಷಿಯಲ್ಲಿ, “ಅದೇ ಸೀರೆ, ಅದೇ ನೀಲಿ, ಚಿನ್ನಾಳಪಟ್ಟಿಗೆ ಕರ್ಕೊಂಡು ಹೋಗಿ ಕೊಡಿಸ್ತೀನಿ” ಎಂದುಬಿಟ್ಟೆ.

“ಯಾವಾಗ?” ಎಂದಳು.

ಮೂವತ್ತನಾಲ್ಕು ವರ್ಷದ ನಾಲಗೆ, ನನ್ನನ್ನು ಕೇಳದೆ ಉತ್ತರ ಕೊಟ್ಟಿತು.

ಅದಾಗಿ ಇವತ್ತಿಗೆ ಒಂಬತ್ತು ದಿನ. ಬೆಳಗ್ಗೆಯಿಂದ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ; ಬರವಣಿಗೆ ಮುಗಿಯದೆ ಹೇಗೆ ಹೊರಡುವುದು ಎಂದು ನನಗೆ ನಾನೇ ಹೇಳಿಕೊಂಡು ದಿಂಡಿಗಲ್‌ನ ಎರಡು ಬಸ್ಸು ಬಿಟ್ಟಿದ್ದೇನೆ. ಈಗ ತಲೆಯೆತ್ತಿದರೆ ವೀರಮ್ಮ ನೀಲಿ ರವಿಕೆ ತೊಟ್ಟು, ಕೈಯಲ್ಲಿ ಚೀಲ ಹಿಡಿದು, ನನ್ನ ಚಪ್ಪಲಿಯನ್ನು ಮುಂದೆ ತಂದಿಟ್ಟು ನಿಂತಿದ್ದಾಳೆ. ಅಂಗಳದಲ್ಲಿ ಕರು ಬಿಸಿಲು ಕಾಯುತ್ತಿದೆ.

“ಏಳಿ ಮಾಮ” ಎನ್ನುತ್ತಿದ್ದಾಳೆ. “ನಾಳೆ ಬಂತು.”